ಅಕ್ಷರ ತಡವಾಗಿ ಹತ್ತುವ ಮಕ್ಕಳಿದ್ದಾರೆ, ಸ್ವಲ್ಪ ತಾಳಿ

ಶೃಂಗೇರಿಗೆ ಎಲ್ಲೆಲ್ಲಿಂದಲೋ ಅಪ್ಪ ಅಮ್ಮಂದಿರು ಪುಟ್ಟ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಶಾರದಾಂಬೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿದರೆ ಮಗುವಿಗೆ ವಿದ್ಯೆ ಒಲಿಯುತ್ತದೆ ಎಂಬ ನಂಬಿಕೆ. ತುಂಗೆ ಭದ್ರೆಯರ ನೀರು ಕುಡಿದು ಬೆಳೆಯುವ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಲ್ಲೇ ಕೆಲವರಿಗೆ ಅಕ್ಷರ ಅಷ್ಟು ಬೇಗ ಒಲಿಯುವುದಿಲ್ಲ. ಆಟಕ್ಕೆ ಮುಂದು, ಮಾತಿಗೆ ಮುಂದು, ತೋಟದ ಕೆಲಸ ಹೇಳಿದರೆ ಒಂದೇ ಸಲಕ್ಕೆ ಗೊತ್ತಾಗುತ್ತದೆ, ಪುಸ್ತಕ ಬಿಡಿಸಿದ ಕೂಡಲೇ ಮುಖ ಬಾಡುತ್ತದೆ. ಈ ಕಡೆಯ ಶಾಲೆಗಳಲ್ಲಿ ಪಾಠ ಹೇಳುತ್ತಲೇ ತಲೆ ನರೆತವಳು ನಾನು. ಇಂಥ ಮಕ್ಕಳನ್ನು ಪ್ರತಿ ವರ್ಷ ಕಂಡಿದ್ದೇನೆ. ಅವರಿಗೆ ಯಾರೂ ಬೇಕೆಂದು ನೋವು ಕೊಡುವುದಿಲ್ಲ. ಕೆಲಸದ ಗಡಿಬಿಡಿಯಲ್ಲಿ, ಮಳೆಯ ಬೇಸರದಲ್ಲಿ ಅವರ ಕಷ್ಟ ನಮಗೆ ಮರೆತುಹೋಗುತ್ತದೆ, ಅಷ್ಟೆ. ಹಾಗಾಗಿ ಒಂದೊಂದಾಗಿ ಹೇಳುತ್ತೇನೆ, ಸಾವಕಾಶವಾಗಿ ಕೇಳಿ.

ಮೊದಲು ಮನೆಯವರಿಗೆ.

• ಮಗುವಿಗೆ ಬಿರುದು ಕೊಡುವುದನ್ನು ಇವತ್ತೇ ನಿಲ್ಲಿಸಿ. "ನಮ್ಮದು ಸ್ವಲ್ಪ ದಡ್ಡು", "ಇವನಿಗೆ ತಲೆಗೆ ಹತ್ತುವುದಿಲ್ಲ" ಎಂದು ನೆಂಟರ ಮುಂದೆ ಹೇಳಬೇಡಿ. ಒಳಕೋಣೆಯಲ್ಲಿ ಆಡಿಕೊಳ್ಳುತ್ತಿದ್ದರೂ ಕೇಳಿಸುತ್ತದೆ. ಮನೆಯಲ್ಲಿ ಇಟ್ಟ ಹೆಸರು ಅಕ್ಕಪಕ್ಕದ ಮಕ್ಕಳ ಬಾಯಲ್ಲಿ ಶಾಲೆಯವರೆಗೆ ಹೋಗುತ್ತದೆ, ಆಮೇಲೆ ನೀವು ವಾಪಸ್ ಕರೆದರೂ ಬರುವುದಿಲ್ಲ.

• ಬೈಯುವ ಮೊದಲು ಕಣ್ಣು ಕಿವಿ ತೋರಿಸಿ. ನಮ್ಮ ಮಳೆಗಾಲದಲ್ಲಿ ಶೀತ, ಕಿವಿ ಸೋರುವುದು ತಿಂಗಳುಗಟ್ಟಲೆ ಇರುತ್ತದೆ. ಕಿವಿ ಮಂದವಾದ ಮಗು ಹಿಂದಿನ ಸಾಲಿನಲ್ಲಿ ಕೂತರೆ ಅರ್ಧ ಪಾಠ ಅದಕ್ಕೆ ಮುಟ್ಟುವುದೇ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೇ ಬರುತ್ತದೆ. ಆ ದಿನ ತೋಟದಲ್ಲಿ ಕೆಲಸವಿದೆ ಎಂದು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಪುಕ್ಕಟೆ ಸಿಗುವ ತಪಾಸಣೆ ತಪ್ಪಿಸಿಕೊಂಡು ಆಮೇಲೆ ಪೇಟೆಯ ಡಾಕ್ಟರಿಗೆ ದುಡ್ಡು ಸುರಿಯುವುದು ಯಾಕೆ?

• ಮನೆಮಾತು ಬೇರೆ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮಲ್ಲಿ ತುಳು ಆಡುವ ಮನೆಗಳಿವೆ, ಕೊಂಕಣಿ, ಮಲಯಾಳ, ಉರ್ದು, ತಮಿಳು ಆಡುವವರಿದ್ದಾರೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಈಗೀಗ ಅಸ್ಸಾಮಿನ ಕಡೆಯ ಮಕ್ಕಳೂ ಇದ್ದಾರೆ. ಶಾಲೆಗೆ ಬಂದ ಮೇಲೆ ಕನ್ನಡ ಕಲಿಯುವ ಮಗುವಿಗೆ ಒಂದೆರಡು ವರ್ಷ ಬೇಕೇ ಬೇಕು, ಅದನ್ನು ದೋಷ ಎನ್ನಬೇಡಿ. ಮನೆಮಾತಿನಲ್ಲಿ ಒಂದು ಕತೆ ಹೇಳಿಸಿ ನೋಡಿ. ಅಲ್ಲಿ ಸರಾಗವಾಗಿ ಹೇಳಿದರೆ ಸ್ವಲ್ಪ ದಿನ ಕಾಯಿರಿ. ಕನ್ನಡ ಚೆನ್ನಾಗಿ ಮಾತಾಡಲು ಬಂದ ಮೇಲೂ ಓದಲು ಒದ್ದಾಡುತ್ತಿದ್ದರೆ ಆಗ ವಿಚಾರಿಸಿ.

• ಮಗುವಿನ ನೋಟ್ ಬುಕ್ಕನ್ನು ಅಂಕ ನೋಡುವುದಕ್ಕಲ್ಲದೆ, ಸುಮ್ಮನೆ ಕೂತು ಒಮ್ಮೆ ಪೂರ್ತಿ ತಿರುವಿ ಹಾಕಿ. ಒತ್ತಕ್ಷರ ಎಲ್ಲಿ ಬಿಟ್ಟಿದೆ, ದೀರ್ಘ ಎಲ್ಲಿ ಬಿಟ್ಟಿದೆ ಗಮನಿಸಿ. ವ, ಪ, ಷ ಒಂದಕ್ಕೊಂದು ಬದಲಾಗುತ್ತಿವೆಯೇ, ದ ಮತ್ತು ಧ ಕಲಸಿಹೋಗುತ್ತಿವೆಯೇ, ಬೋರ್ಡಿನಿಂದ ಇಳಿಸಿಕೊಳ್ಳುವಾಗ ಸಾಲಿಗೆ ಸಾಲೇ ಹಾರಿಹೋಗಿದೆಯೇ ನೋಡಿ. ಎಲ್ಲ ಮಕ್ಕಳೂ ಶುರುವಿನಲ್ಲಿ ಈ ತಪ್ಪು ಮಾಡುತ್ತಾರೆ. ಉಳಿದವರು ಬಿಟ್ಟ ಮೇಲೂ ಒಂದು ಮಗು ವರ್ಷಗಟ್ಟಲೆ ಅದೇ ತಪ್ಪು ಮಾಡುತ್ತಿದ್ದರೆ ಅಲ್ಲಿ ನಿಲ್ಲಿ.

ನಾನು ಕಂಡ ಒಬ್ಬ ಹುಡುಗನ ಪುಸ್ತಕದಲ್ಲಿ "ಅಮ್ಮ" ಎಂಬುದು "ಅಮ", "ಅಕ್ಕ" ಎಂಬುದು "ಅಕ". ಒಂದು ದಿನ "ಕತ್ತೆ ಹುಲ್ಲು ತಿನ್ನುತ್ತದೆ" ಎಂಬುದನ್ನು "ಕತೆ ಹುಲು ತಿನುತದೆ" ಎಂದು ಬರೆದಿದ್ದ, ಬರೆದಂತೆಯೇ ಗಟ್ಟಿಯಾಗಿ ಓದಿಯೂಬಿಟ್ಟ. ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ, ಪುಸ್ತಕದ ಆ ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಂಡ. ಅದೇ ಹುಡುಗ ಅಡಕೆ ಕೊಯ್ಲಿನ ಹೊತ್ತಿನಲ್ಲಿ ಒಂದೊಂದು ಸಾಲಿನಲ್ಲಿ ಎಷ್ಟು ಗೊನೆ ಇಳಿಯಿತು ಎಂದು ಬಾಯಲ್ಲೇ ಕೂಡಿ ಅಪ್ಪನಿಗೆ ಹೇಳುತ್ತಿದ್ದ. ಅದನ್ನೇ ಕಾಗದದ ಮೇಲೆ ಬರೆ ಎಂದರೆ 31 ಎಂಬುದು 13 ಆಗುತ್ತಿತ್ತು. ತಲೆಯಲ್ಲಿ ಲೆಕ್ಕ ಸರಿಯಿತ್ತು, ಬರೆಯುವಾಗ ಮಾತ್ರ ಅಂಕಿಗಳು ಅದಲು ಬದಲಾಗುತ್ತಿದ್ದವು. ಡಾಕ್ಟರುಗಳು ಇದಕ್ಕೆ ಡಿಸ್ಲೆಕ್ಸಿಯಾ, ಡಿಸ್‌ಕ್ಯಾಲ್ಕುಲಿಯಾ ಎಂದೆಲ್ಲ ಹೆಸರು ಹೇಳುತ್ತಾರೆ. ನಿಮಗೆ ಹೆಸರು ನೆನಪಿರದಿದ್ದರೂ ಅಡ್ಡಿಯಿಲ್ಲ, ಇದು ಸೋಮಾರಿತನ ಅಲ್ಲ ಎಂಬುದು ನೆನಪಿರಲಿ.

• ಮನೆಯಲ್ಲಿ ಓದಿಸುವುದಕ್ಕೆ ಒಂದು ಹೊತ್ತು ಗೊತ್ತುಮಾಡಿ, ಅರ್ಧ ಗಂಟೆ ಸಾಕು. ರಾತ್ರಿ ಹತ್ತರವರೆಗೆ ಕೂತು, ಅತ್ತು, ಗುದ್ದಿಸಿಕೊಂಡು ಕಲಿತದ್ದು ಬೆಳಿಗ್ಗೆ ತಲೆಯಲ್ಲಿ ಇರುವುದಿಲ್ಲ. ಸುಸ್ತಾದ ಅಮ್ಮ, ಸುಸ್ತಾದ ಮಗು ಎದುರುಬದುರು ಕೂತರೆ ಕೊನೆಗೆ ಉಳಿಯುವುದು ಜಗಳ ಒಂದೇ.

• ಪಾಠವನ್ನು ನೀವು ಓದಿ, ಮಗು ಕೇಳಲಿ. ಅಕ್ಕನೋ ಚಿಕ್ಕಪ್ಪನೋ ಇದ್ದರೆ ಸಮಾಜ ವಿಜ್ಞಾನದ ಪಾಠವನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿಡಿ. ಇದಕ್ಕೆ ನೆಟ್‌ವರ್ಕ್ ಬೇಡ, ಹಾಗಾಗಿ ಕೆರೆಕಟ್ಟೆಯ ಕಾಡಂಚಿನ ಮನೆಯಲ್ಲೂ ನಡೆಯುತ್ತದೆ. ಕಿವಿಯಿಂದ ಕೇಳಿ ತಿಳಿಯುವ ಮಗುವಿಗೆ ಕಣ್ಣಿನಿಂದಲೇ ತಿಳಿ ಎಂದು ಹಟ ಹಿಡಿದರೆ ಪಾಠವೂ ಹೋಗುತ್ತದೆ, ಆಸಕ್ತಿಯೂ ಹೋಗುತ್ತದೆ.

• ಖರ್ಚಿನ ಸಾಮಾನು ಬೇಡ. ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಒಂದು ಸಾಲು ಮಾತ್ರ ಕಾಣುವಷ್ಟು ಕಿಂಡಿ ಕತ್ತರಿಸಿ ಕೊಡಿ, ಅದನ್ನು ಪುಟದ ಮೇಲೆ ಸರಿಸುತ್ತ ಓದಲಿ. ಕಣ್ಣು ಮೇಲಿನ ಸಾಲಿಗೆ, ಕೆಳಗಿನ ಸಾಲಿಗೆ ಹಾರುವುದು ಕಡಿಮೆಯಾಗುತ್ತದೆ. ವರ್ಷ ಮುಗಿದ ಕ್ಯಾಲೆಂಡರು ಒಲೆಗೆ ಹಾಕಬೇಡಿ, ಅದರ ಹಿಂದಿನ ಬಿಳಿ ಬದಿಯಲ್ಲಿ ಅಕ್ಷರ ದೊಡ್ಡದಾಗಿ ಬರೆಸಿ. ಲೆಕ್ಕಕ್ಕೆ ಚೌಕದ ಗೆರೆಯ ಪುಸ್ತಕ ಕೊಡಿಸಿ, ಮನೆಗೊಂದು ಅಂಕಿ ಕೂತರೆ ಬಿಡಿ, ಹತ್ತು ಜಾಗ ತಪ್ಪುವುದಿಲ್ಲ. ಕೂಡಿ ಕಳೆಯಲು ಹುಣಸೆಬೀಜ ಉಂಟು, ಅಡಕೆ ಉಂಟು.

• ಅಕ್ಷರ ಕೈಗೆ ಕೂರದಿದ್ದರೆ ಮೊರದಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದಿಸಿ. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆಯೇ ಅಕ್ಷರ ಕಲಿತದ್ದು. ಬೆರಳಿಗೆ ಒರಟು ತಾಗುವುದರಿಂದ ಅಕ್ಷರದ ಆಕಾರ ಕೈಗೆ ನೆನಪಿರುತ್ತದೆ. ತಪ್ಪಾದರೆ ಕೈಯಾಡಿಸಿದರಾಯಿತು, ಕೆಂಪು ಗೆರೆಯ ಗುರುತು ಉಳಿಯುವುದಿಲ್ಲ.

• ಹೋಲಿಸಬೇಡಿ. ಪಕ್ಕದ ಮನೆಯ ಹುಡುಗಿ ಸೀಗೋಡಿನ ನವೋದಯಕ್ಕೆ ಆಯ್ಕೆಯಾದಳು ಎಂದು ದಿನಕ್ಕೆ ಎರಡು ಸಲ ಹೇಳಿದರೆ ನಿಮ್ಮ ಮಗುವಿಗೆ ಒತ್ತಕ್ಷರ ಬರುವುದಿಲ್ಲ, ಆ ಹುಡುಗಿಯ ಮೇಲೆ ಸಿಟ್ಟು ಮಾತ್ರ ಬರುತ್ತದೆ. ತಮ್ಮ ತಂಗಿಯರ ಜೊತೆ ಹೋಲಿಸುವುದಂತೂ ಬೇಡವೇ ಬೇಡ. ತಮ್ಮನಿಂದ ಪಾಠ ಹೇಳಿಸಿಕೊಳ್ಳುವ ಅಣ್ಣನ ಸಂಕಟ ಅವನಿಗೇ ಗೊತ್ತು.

• "ಎರಡು ತಿಂಗಳಲ್ಲಿ ಬುದ್ಧಿ ಚುರುಕು" ಎಂದು ಮಾರುವ ಪುಡಿ, ಡಬ್ಬಿಗಳಿಗೆ ದುಡ್ಡು ಹಾಕಬೇಡಿ. ಒಂದೆಲಗದ ಚಟ್ನಿ ಮಾಡಿ ಹಾಕಿ, ಊಟಕ್ಕೆ ಒಳ್ಳೆಯದು, ನಾನೂ ಮಾಡುತ್ತೇನೆ. ಹರಕೆ ಹೊರುವುದಿದ್ದರೆ ಹೊರಿ. ಆದರೆ ಮಗುವಿಗೆ ಬೇಕಾದದ್ದು ಬೇರೆ ರೀತಿಯ ಪಾಠ, ಅದನ್ನು ಯಾವ ಡಬ್ಬಿಯಲ್ಲೂ ತುಂಬಿ ಕೊಡಲು ಬರುವುದಿಲ್ಲ.

• ಇನ್ನೊಂದು ಮಾತು, ಕೆಲವರಿಗೆ ರುಚಿಸಲಿಕ್ಕಿಲ್ಲ. 2007ರಲ್ಲಿ "ತಾರೇ ಜಮೀನ್ ಪರ್" ಸಿನಿಮಾ ಬಂದ ಮೇಲೆ ಎಷ್ಟೋ ಅಪ್ಪ ಅಮ್ಮಂದಿರ ಕಣ್ಣು ತೆರೆಯಿತು, ಒಳ್ಳೆಯದೇ ಆಯಿತು. ಆದರೆ ಓದಲು ಬಾರದ ಪ್ರತಿ ಮಗುವಿನೊಳಗೂ ಒಬ್ಬ ದೊಡ್ಡ ಚಿತ್ರಕಾರ ಇದ್ದೇ ಇರುತ್ತಾನೆ ಎಂದು ಹುಡುಕಲು ಹೊರಡಬೇಡಿ. ಚಿತ್ರವೂ ಬಾರದೆ, ಯಕ್ಷಗಾನದ ಹೆಜ್ಜೆಯೂ ಬಾರದೆ, ಸಾಮಾನ್ಯವಾಗಿರುವ ಮಗುವೂ ಇರುತ್ತದೆ. ಅದಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು. ಯಾವುದಾದರೂ ಒಂದರಲ್ಲಿ ಗೆದ್ದು ತೋರಿಸಿದರೆ ಮಾತ್ರ ಪ್ರೀತಿ ಎಂದಾದರೆ ಮಗುವಿಗೆ ಎರಡನೇ ಪರೀಕ್ಷೆ ಇಟ್ಟಂತಾಯಿತು.

ಇನ್ನು ಮೇಷ್ಟ್ರು, ಟೀಚರುಗಳಿಗೆ. ನಿಮ್ಮ ಕಷ್ಟ ನನಗೆ ಗೊತ್ತು. ನಮ್ಮ ಮಲೆನಾಡಿನಲ್ಲಿ ಒಬ್ಬರೇ ಟೀಚರು ಮೂರು ನಾಲ್ಕು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿ ತುಂಬುವ ಶಾಲೆಗಳಿವೆ. ಮಕ್ಕಳು ಕಡಿಮೆ ಇರುವುದರಲ್ಲಿ ಒಂದು ಅನುಕೂಲವೂ ಇದೆ, ಪ್ರತಿ ಮಗುವೂ ನಿಮ್ಮ ಕಣ್ಣಳತೆಯಲ್ಲೇ ಇರುತ್ತದೆ.

• ನಾಲ್ಕನೇ ತರಗತಿಗೆ ಬಂದ ಮಕ್ಕಳ ಮೇಲೆ ಒಂದು ಕಣ್ಣಿಡಿ. ಒಂದರಿಂದ ಮೂರರವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ. ಅಲ್ಲಿ ಕಾರ್ಡು, ಹಾಡು, ಗುಂಪು ಇರುತ್ತವೆ, ಮಗು ತನ್ನ ಗತಿಯಲ್ಲಿ ಏಣಿ ಹತ್ತುತ್ತದೆ. ನಿಧಾನದ ಮಗುವಿಗೆ ಅದು ಹಿತ. ನಾಲ್ಕಕ್ಕೆ ಬಂದ ಕೂಡಲೇ ದಪ್ಪ ಪಾಠಪುಸ್ತಕ, ಬೋರ್ಡಿನ ತುಂಬ ಪ್ರಶ್ನೋತ್ತರ, ಎಲ್ಲರಿಗೂ ಒಂದೇ ವೇಗ. ಅಲ್ಲಿಯವರೆಗೆ ಗುಂಪಿನಲ್ಲಿ ದನಿ ಸೇರಿಸಿ ಹೇಳುತ್ತಿದ್ದ ಮಗು ಅಲ್ಲಿ ಸಿಕ್ಕಿಬೀಳುತ್ತದೆ. "ಮೂರರವರೆಗೆ ಚೆನ್ನಾಗಿದ್ದ, ಈಗ ಹಾಳಾದ" ಎನ್ನಬೇಡಿ, ತೊಡಕು ಮೊದಲೇ ಇತ್ತು, ಈಗ ಬೆಳಕಿಗೆ ಬಂತು.

• ಸಾಲಾಗಿ ಎಬ್ಬಿಸಿ ಪ್ಯಾರಾ ಓದಿಸುವಾಗ ಕೊನೆಯ ಬೆಂಚನ್ನು ಗಮನಿಸಿ. ಮುಂದೆ ಎಷ್ಟು ಮಂದಿ ಇದ್ದಾರೆ, ತನ್ನ ಪಾಲಿಗೆ ಯಾವ ಪ್ಯಾರಾ ಬರುತ್ತದೆ ಎಂದು ಬೆರಳಲ್ಲಿ ಎಣಿಸುವ ಮಗು ಕಾಣುತ್ತದೆ. ಎಣಿಸುವ ಗಾಬರಿಯಲ್ಲಿ ಉಳಿದವರು ಓದಿದ್ದು ಒಂದೂ ಅದರ ಕಿವಿಗೆ ಬಿದ್ದಿರುವುದಿಲ್ಲ. ಇನ್ನಿಬ್ಬರು ಇದ್ದಾರೆನ್ನುವಾಗ "ಟೀಚರ್, ಒಂದಕ್ಕೆ" ಎಂದು ಎದ್ದು ಹೋಗುತ್ತದೆ. ಅಂಥ ಮಗುವಿಗೆ ಹಿಂದಿನ ದಿನವೇ "ನಾಳೆ ನೀನು ಈ ಎರಡು ಸಾಲು ಓದು" ಎಂದು ಗುಟ್ಟಾಗಿ ಹೇಳಿಡಿ. ಮನೆಯಲ್ಲಿ ನಾಲ್ಕು ಸಲ ಓದಿಕೊಂಡು ಬರುತ್ತದೆ. ಎರಡೇ ಸಾಲು, ಆದರೆ ತಲೆ ಎತ್ತಿ ಓದುತ್ತದೆ.

• ಕೆಂಪು ಶಾಯಿಯನ್ನು ಉಳಿಸಿ. ಪುಟದಲ್ಲಿ ಇಪ್ಪತ್ತು ತಪ್ಪಿದ್ದರೆ ಮೂರನ್ನೇ ಗುರುತು ಮಾಡಿ, ಆ ಮೂರನ್ನೇ ತಿದ್ದಿಸಿ. ಇಪ್ಪತ್ತಕ್ಕೂ ಗೆರೆ ಎಳೆದರೆ ಮಗುವಿಗೆ ಒಂದೂ ಕಾಣುವುದಿಲ್ಲ. ತಪ್ಪಾದ ಶಬ್ದ ಐವತ್ತು ಸಲ ಬರೆಸುವುದರಿಂದಲೂ ಉಪಯೋಗವಿಲ್ಲ, ಮೊದಲನೆಯದು ತಪ್ಪಿದ್ದರೆ ಐವತ್ತೂ ತಪ್ಪೇ ಬಂದಿರುತ್ತದೆ. ಪುಸ್ತಕವೂ ದಂಡ.

• ವಿಜ್ಞಾನದ ಉತ್ತರ ಬಾಯಲ್ಲಿ ಹೇಳಲು ಬಂದರೆ ಅಂಕ ಕೊಡಿ. ಕಾಗುಣಿತಕ್ಕೆ ಅಂಕ ಕಳೆಯುವುದಿದ್ದರೆ ಭಾಷೆಯ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಸಸ್ಯ ಹೇಗೆ ಉಸಿರಾಡುತ್ತದೆ ಎಂದು ಗೊತ್ತಿರುವ ಮಗುವಿಗೆ ಗೊತ್ತಿಲ್ಲ ಎಂದು ಬರೆಯುವುದು ನ್ಯಾಯವಲ್ಲ.

• ಮಳೆಗಾಲದಲ್ಲಿ ಇಂಥ ಮಗುವನ್ನು ಮುಂದೆ ಕೂರಿಸಿಕೊಳ್ಳಿ. ಜುಲೈ ತಿಂಗಳಲ್ಲಿ ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಚೆನ್ನಾಗಿ ಕೇಳುವ ಮಕ್ಕಳಿಗೇ ನಿಮ್ಮ ಮಾತು ಮುಟ್ಟುವುದಿಲ್ಲ. ಗಮನ ಬೇಗ ಚೆದುರುವ ಮಗುವಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಪುಸ್ತಕ ತೆಗಿ, ಇಪ್ಪತ್ತೆರಡನೇ ಪುಟ ನೋಡು, ಮೂರನೇ ಪ್ರಶ್ನೆ ಬರಿ" ಎಂದು ಒಟ್ಟಿಗೆ ಸುರಿದರೆ ಅದಕ್ಕೆ ಕೊನೆಯದು ಮಾತ್ರ ನೆನಪಿರುತ್ತದೆ.

• ಕೂತಲ್ಲಿ ಕೂರದ ಮಗುವಿಗೆ ಏಳಲು ಒಂದು ನೆಪ ಕೊಡಿ. ಬೋರ್ಡು ಒರೆಸಲಿ, ಹಾಲಿನ ಲೋಟ ಹಂಚಲಿ, ಗಂಟೆ ಹೊಡೆಯಲಿ. ಮೈ ಸ್ವಲ್ಪ ಆಡಿದರೆ ಮತ್ತೆ ಹತ್ತು ನಿಮಿಷ ಕೂರುತ್ತದೆ. ಆದರೆ ಓದಲು ಬಾರದವನು ಎಂದು ದಿನವಿಡೀ ಅಂಗಡಿಗೆ, ಬಾವಿಗೆ ಓಡಿಸುವ ಆಳಾಗಿ ಮಾಡಿಕೊಳ್ಳಬೇಡಿ. ಇದು ನಮ್ಮಲ್ಲಿ ಬಹಳ ನಡೆದಿದೆ. ಮಗು ಖುಷಿಯಾಗಿಯೇ ಓಡುತ್ತದೆ, ಪಾಠ ಮಾತ್ರ ಉಳಿದವರದಾಗುತ್ತದೆ. ಬರೆದು ಮುಗಿಸಿಲ್ಲ ಎಂದು ಆಟದ ಪೀರಿಯಡ್ಡು ಕಿತ್ತುಕೊಳ್ಳುವುದೂ ಬೇಡ, ಅದು ಗೆಲ್ಲುವುದು ಅಲ್ಲಿ ಒಂದೇ.

• ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ, ದಿನಚರಿ ಬದಲಾದರೆ ಕಂಗಾಲಾಗುವ ಮಕ್ಕಳೂ ಇದ್ದಾರೆ. ನಾಳೆ ಬೇರೆ ಟೀಚರು ಬರುತ್ತಾರೆ, ಶನಿವಾರ ವಾರ್ಷಿಕೋತ್ಸವ, ಚೆಂಡೆ ಬಾರಿಸುತ್ತಾರೆ ಎಂದು ಮೊದಲೇ ಹೇಳಿಡಿ. ಗೊತ್ತಿದ್ದರೆ ತಡೆದುಕೊಳ್ಳುತ್ತದೆ. ಒಮ್ಮೆಲೇ ಆದರೆ ಚೀರುತ್ತದೆ, ನೀವು ಅದನ್ನು ಹಟ ಎಂದುಕೊಳ್ಳುತ್ತೀರಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎಂದು ಗದ್ದ ಹಿಡಿದು ಎತ್ತಬೇಡಿ, ನೆಲ ನೋಡುತ್ತಲೇ ಕೇಳಿಸಿಕೊಳ್ಳುತ್ತಿರುತ್ತದೆ.

• ಬೆತ್ತ ಹಿಡಿಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮೈಗೆ ಹೊಡೆಯುವುದನ್ನೂ ಮನಸ್ಸಿಗೆ ಹೊಡೆಯುವುದನ್ನೂ ಎರಡನ್ನೂ ನಿಷೇಧಿಸಿದೆ. ಬೆತ್ತ ಬಿಟ್ಟವರು ನಾಲಿಗೆ ಹಿಡಿದುಕೊಂಡದ್ದನ್ನು ಬಹಳ ನೋಡಿದ್ದೇನೆ, ಅದೂ ಅದೇ ಸೆಕ್ಷನ್ನಿಗೆ ಬರುತ್ತದೆ.

• ತಾಯಿಯನ್ನು ಒಮ್ಮೆಯಾದರೂ ಒಳ್ಳೆಯ ಸುದ್ದಿ ಹೇಳಲು ಕರೆಸಿ. ತೋಟದ ಕೂಲಿ ಬಿಟ್ಟು, ಬಸ್ಸು ಕಾದು ಬರುವ ತಾಯಿಗೆ ಪ್ರತಿ ಸಲ ದೂರೇ ಸಿಕ್ಕಿದರೆ ಮುಂದಿನ ಸಲ ಅವಳು ಬರುವುದಿಲ್ಲ. ಸಹಕಾರ ಸಾರಿಗೆಯ ಬಸ್ಸುಗಳು ನಿಂತ ಮೇಲೆ ಕೆಲವು ಊರುಗಳಿಂದ ಕೊಪ್ಪಕ್ಕೆ ಬಂದು ಹೋಗುವುದೇ ಒಂದು ದಿನದ ಕೆಲಸ. ಬಂದವಳನ್ನು ಕೂರಿಸಿ, ನೀರು ಕೊಟ್ಟು, "ಇವತ್ತು ನಿಮ್ಮ ಮಗಳು ಎರಡು ಸಾಲು ತಾನೇ ಓದಿದಳು" ಎನ್ನಿ. ಆಮೇಲೆ ಕೊರತೆ ಹೇಳಿದರೆ ಕೇಳುವ ಶಕ್ತಿ ಇರುತ್ತದೆ.

• ಒಂದು ಮಗುವಿಗೆ ಹೆಚ್ಚು ಹೊತ್ತು ಕೊಟ್ಟರೆ ಉಳಿದವರು "ಅವನಿಗೆ ಮಾತ್ರ ಯಾಕೆ?" ಎನ್ನುತ್ತಾರೆ. ಮಕ್ಕಳು ಕೇಳುವುದು ಸಹಜ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಆಚೆ ದಡದ ಮನೆಯವರಿಗೆ ಸಂಕ ಹಾಕಿಕೊಡುತ್ತೇವೆ, ಈಚೆಯವರು ನಮಗೇಕಿಲ್ಲ ಎನ್ನುವುದಿಲ್ಲ, ಇದೂ ಹಾಗೆಯೇ ಎಂದು ಹೇಳಿ. ನಮ್ಮ ಮಕ್ಕಳಿಗೆ ಸಂಕ ದಾಟುವುದು ಗೊತ್ತು, ಕೂಡಲೇ ಅರ್ಥವಾಗುತ್ತದೆ.

ಮಕ್ಕಳೇ, ನಿಮಗೂ ನಾಲ್ಕು ಮಾತು ಉಂಟು. ಓಡಬೇಡಿ, ಇಲ್ಲಿ ಬನ್ನಿ.

• ಯಾರಾದರೂ ತಡೆದು ತಡೆದು ಓದುವಾಗ ಮುಂದಿನ ಶಬ್ದವನ್ನು ನೀವು ಹೇಳಿಬಿಡಬೇಡಿ. ಅವರು ಅಲ್ಲಿಯವರೆಗೆ ಕಷ್ಟಪಟ್ಟು ಬಂದಿರುತ್ತಾರೆ, ಕೊನೆಯ ಹೆಜ್ಜೆ ಅವರೇ ಇಡಲಿ.

• ನಗು ಬಂದರೆ ತಡೆದುಕೊಳ್ಳಿ. ಒಬ್ಬರು ನಗದಿದ್ದರೆ ಪಕ್ಕದವರೂ ನಗುವುದಿಲ್ಲ, ಬೇಕಾದರೆ ಪರೀಕ್ಷೆ ಮಾಡಿ ನೋಡಿ.

• ಬಿಸಿಯೂಟಕ್ಕೆ ಕೂರುವಾಗ ಒಂಟಿಯಾಗಿ ಕೂತವರ ಪಕ್ಕ ತಟ್ಟೆ ಇಡಿ. ಮಾತಾಡಲೇಬೇಕೆಂದಿಲ್ಲ.

• ಕಬಡ್ಡಿಗೆ ತಂಡ ಆರಿಸುವಾಗ ಕೊನೆಗೆ ಉಳಿಯುವುದು ಪ್ರತಿ ದಿನ ಒಬ್ಬನೇ ಆಗಬಾರದು. ಇವತ್ತು ನೀವು ನಾಯಕರಾದರೆ ಅವನನ್ನು ಎರಡನೆಯವನಾಗಿ ಕರೆಯಿರಿ.

• ಗೆಳೆಯನ ಹೋಂವರ್ಕ್ ನೀವೇ ಬರೆದುಕೊಡುವುದು ಸಹಾಯವಲ್ಲ. ಬೋರ್ಡಿನಲ್ಲಿದ್ದದ್ದನ್ನು ಮೆಲ್ಲಗೆ ಓದಿ ಹೇಳಿ, ಅವನು ಬರೆಯಲಿ. ಹಾಗೆ ಓದಿ ಹೇಳುವಾಗ ನಿಮಗೂ ಪಾಠ ಗಟ್ಟಿಯಾಗುತ್ತದೆ.

ಈಗ ಕಾಗದ ಪತ್ರದ ವಿಚಾರ. ಇದರಲ್ಲಿ ನಮ್ಮವರು ಬಹಳ ಹಿಂದೆ. ಮುಜುಗರ ಅರ್ಧ, ಅಲೆದಾಟದ ಭಯ ಅರ್ಧ.

• ಹಕ್ಕು ಏನಿದೆ ತಿಳಿದಿರಿ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಓದು ಬರಹದ ತೊಡಕು ಅದರಲ್ಲಿ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಡಿಸ್ಲೆಕ್ಸಿಯಾ, ಡಿಸ್‌ಕ್ಯಾಲ್ಕುಲಿಯಾ ಸೇರಿದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಮ್ಮೂ ಅದರಲ್ಲಿ ಸೇರಿವೆ. ಅಂಥ ತೊಡಕನ್ನು ಬೇಗ ಗುರುತಿಸುವುದು ಶಾಲೆಯ ಕರ್ತವ್ಯ ಎಂದೂ ಬರೆದಿದೆ. ಆದ್ದರಿಂದ ಕೇಳುವಾಗ ಕೈಕಟ್ಟಿ ನಿಲ್ಲಬೇಕಾಗಿಲ್ಲ.

• ಮೊದಲು ಹೋಗಬೇಕಾದದ್ದು ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಎಲ್ಲರೂ ಬಿಆರ್‌ಸಿ ಎನ್ನುವುದು ಅದನ್ನೇ. ಕೊಪ್ಪಕ್ಕೆ ಬೇರೆ, ಶೃಂಗೇರಿಗೆ ಬೇರೆ, ಎನ್.ಆರ್.ಪುರಕ್ಕೆ ಬೇರೆ ಇದೆ. ಅಲ್ಲಿ ಬಿಐಇಆರ್‌ಟಿ ಎಂಬ ಶಿಕ್ಷಕರ ಹುದ್ದೆ ಇರುವುದೇ ವಿಶೇಷ ಅಗತ್ಯದ ಮಕ್ಕಳಿಗಾಗಿ. ಹೆಡ್‌ಮಾಸ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಹೋದರೆ ಮಾತು ಸುಲಭವಾಗುತ್ತದೆ.

• ಹೊತ್ತು ನೋಡಿಕೊಳ್ಳಿ. ಸರ್ಕಾರದ ನಿಯಮದ ಪ್ರಕಾರ ಮೂರನೇ ತರಗತಿಯ ಹೊತ್ತಿಗೆ ಮಗುವನ್ನು ಪರೀಕ್ಷೆ ಮಾಡಿ, ಎಂಟು ವರ್ಷ ತುಂಬಿದ ಮೇಲೆ ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ಕೊಡುತ್ತಾರೆ. 14ಕ್ಕೆ ಮತ್ತೆ, 18ಕ್ಕೆ ಮತ್ತೆ ಮಾಡಿಸಬೇಕು. 18ರಲ್ಲಿ ಸಿಕ್ಕಿದ್ದು ಜೀವನಪೂರ್ತಿ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಓಡಾಡಿದರೆ ಏನೂ ಸಿಗುವುದಿಲ್ಲ, ಎಂಟನೇ ತರಗತಿಯಲ್ಲೇ ಶುರು ಮಾಡಿ.

• ಸರ್ಟಿಫಿಕೇಟಿಗೆ ಹೋಗಬೇಕಾದ ಜಿಲ್ಲಾ ಆಸ್ಪತ್ರೆ ಚಿಕ್ಕಮಗಳೂರಿನಲ್ಲಿದೆ. ದೊಡ್ಡ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಈ ತೊಡಕನ್ನು ಅಳೆಯಲು ಸರ್ಕಾರ ಒಪ್ಪಿದ ಪರೀಕ್ಷಾ ಕ್ರಮವೂ ಅಲ್ಲಿಯದೇ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರದ ಪ್ರಯಾಣವನ್ನು ಮೇ ತಿಂಗಳಿಗೋ ದಸರಾ ರಜೆಗೋ ಇಟ್ಟುಕೊಳ್ಳಿ, ಮಳೆಯಲ್ಲಿ ದಾರಿ ನಂಬಲು ಬರುವುದಿಲ್ಲ, ರಜೆಯಲ್ಲಾದರೆ ಶಾಲೆಯೂ ತಪ್ಪುವುದಿಲ್ಲ.

• ಹೋಗುವಾಗ ಮಾರ್ಕ್ಸ್ ಕಾರ್ಡಿನ ಜೊತೆ ಎರಡು ವರ್ಷದ ಹಳೆಯ ನೋಟ್ ಬುಕ್ಕುಗಳನ್ನೂ ಚೀಲಕ್ಕೆ ಹಾಕಿ. ರದ್ದಿಗೆ ಕೊಟ್ಟುಬಿಡುವ ಆ ಪುಸ್ತಕಗಳೇ ಡಾಕ್ಟರಿಗೆ ಹೆಚ್ಚು ಹೇಳುವುದು. ಅಂಕಪಟ್ಟಿ ಎಷ್ಟು ತಪ್ಪಿತು ಎನ್ನುತ್ತದೆ, ಹೇಗೆ ತಪ್ಪಿತು ಎನ್ನುವುದು ನೋಟ್ ಬುಕ್ಕಿನಲ್ಲಿರುತ್ತದೆ.

• ಸರ್ಟಿಫಿಕೇಟ್ ಕೈಗೆ ಬಂದ ದಿನವೇ ನಾಲ್ಕು ಜೆರಾಕ್ಸ್ ಮಾಡಿಸಿ, ಮೂಲಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿಡಿ. ಗೋಡೆಗೆ ತಾಗಿದ ಬೀರುವಿನಲ್ಲಿ ಇಟ್ಟರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಸೀಲೇ ಕಾಣುವುದಿಲ್ಲ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ. ಅದರಲ್ಲಿ ನ್ಯೂನತೆ ಶೇಕಡಾ ಎಷ್ಟು ಎಂದು ಬರೆದಿದ್ದಾರೆ ನೋಡಿಕೊಳ್ಳಿ, ಹೆಚ್ಚಿನ ಸೌಲಭ್ಯಗಳಿಗೆ 40 ಬೇಕು.

• ಪರೀಕ್ಷೆಯ ರಿಯಾಯಿತಿ ಕೇಳಲು ನಾಚಬೇಡಿ. ಬರೆಯಲು ಸಹಾಯಕರನ್ನು ಪಡೆಯಬಹುದು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯ ಕೊಡಬೇಕು ಎಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಇದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚಾಯಿತು. ನಿಧಾನವಾಗಿ ಬರೆಯುವ ಮಗುವಿಗೆ ಆ ಒಂದು ಗಂಟೆಯಲ್ಲಿ ಪಾಸು ಇರುತ್ತದೆ.

• "ಸರ್ಟಿಫಿಕೇಟ್ ಮಾಡಿಸಿದರೆ ನಾಳೆ ಹುಡುಗಿಗೆ ಸಂಬಂಧ ಬರುವುದಿಲ್ಲ" ಎಂದು ತಡೆಯುವವರು ಮನೆಮನೆಯಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಆ ಕಾಗದ ನಿಮ್ಮ ಟ್ರಂಕಿನಲ್ಲಿರುತ್ತದೆ, ಯಾರೂ ಹಣೆಯ ಮೇಲೆ ಅಂಟಿಸುವುದಿಲ್ಲ. ಹತ್ತನೇ ತರಗತಿಯಲ್ಲಿ ಫೇಲಾಗಿ ಮೂಲೆ ಸೇರಿದ ಹುಡುಗಿಗೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು.

• ಫೇಲಾದರೂ ಕೂಡಲೇ ತೋಟದ ಕೆಲಸಕ್ಕೆ ಹಚ್ಚಬೇಡಿ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಐದು ವಿಷಯ ಆರಿಸಿಕೊಂಡು, ಒಂದೊಂದಾಗಿ ಬರೆದು ಐದು ವರ್ಷದೊಳಗೆ ಹತ್ತನೇ ತರಗತಿ ಮುಗಿಸಬಹುದು. ಮಗು ರಾತ್ರಿ ನಿದ್ದೆ ಬಿಟ್ಟು ಕೂತರೆ, ಬದುಕಿನ ಮೇಲೆ ಬೇಸರದ ಮಾತಾಡಿದರೆ ಮಾತ್ರ ಓದಿನ ಮಾತು ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್‌ನವರು ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಇಲ್ಲ. ಮಕ್ಕಳ ಸಹಾಯವಾಣಿ 1098ನ್ನೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಇಷ್ಟನ್ನೆಲ್ಲ ಒಂದೇ ದಿನ ಮಾಡಿ ಎನ್ನುವುದಿಲ್ಲ. ನಿಮ್ಮ ಮನೆಯಲ್ಲಿ ಮೂರನೆಯದೋ ನಾಲ್ಕನೆಯದೋ ಓದುವ ಮಗು ಇದ್ದರೆ ಇವತ್ತು ಸಂಜೆ ಅದರ ಪಕ್ಕ ಕೂತು, ಬೈಯದೆ, ಒಂದು ಪುಟ ಓದಿಸಿ ಕೇಳಿ. ಎಲ್ಲಿ ತಡೆಯುತ್ತದೆ ಎಂದು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಅನುಮಾನ ಬಂದರೆ ಸೋಮವಾರ ಬೆಳಿಗ್ಗೆ ಟೀಚರ ಹತ್ತಿರ ಆ ಕಾಗದ ತೋರಿಸಿ, ಆ ವಾರದೊಳಗೇ ಬಿಆರ್‌ಸಿಗೆ ಹೋಗಿ ವಿಚಾರಿಸಿ. ಅಲ್ಲಿ ಕೇಳುವುದಕ್ಕೆ ಫೀಸು ಇಲ್ಲ.